ಕರನೀತಿಯೂ ಸ್ಥಿತಿರಕ್ಷಕ ರಾಜಕಾರಣವೂ: ಗುಲಬರ್ಗ ಜಿಲ್ಲೆಯ ಪೂರ್ವಭಾಗ ಮತ್ತು ೧೯೭೧ನೆಯ ಇಸವಿಯ ಚುನಾವಣೆ

೧

೧೯೭೧ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ನಡೆದ ಲೋಕಸಭೆಯ ಚುನಾವಣೆಯಲ್ಲಿ ಅಂದಿನ ಮೈಸೂರು ರಾಜ್ಯದ ೨೭ ಸ್ಥಾನಗಳೂ ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ದೊರೆತುವು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಗುಲಬರ್ಗ ಜಿಲ್ಲೆಯ ಚಿಂಚೋಳಿಯವರಾದ ಶ್ರೀ ವೀರೇಂದ್ರ ಪಾಟೀಲರು. ಅವರ ಸಂಸ್ಥಾ ಕಾಂಗ್ರೆಸ್ಸು ಸ್ವತಂತ್ರ ಪಕ್ಷ, ಜನಸಂಘ, ಸಂಯುಕ್ತ ಸಮಾಜವಾದಿ ಪಕ್ಷ ಇವುಗಳೊಡನೆ ಸೇರಿ ಚುನಾವಣೆಗೆ ನಿಂತಿದ್ದಿತು. ಅಧಿಕಾರದಲ್ಲಿದ್ದ ಪಕ್ಷವೊಂದು ತಾನು ಆಳುತ್ತಿದ್ದ ರಾಜ್ಯದಲ್ಲಿ ಒಂದು ಸ್ಥಾನವನ್ನಾದರೂ ಪಡೆಯದೆ ಹೋದುದು ನಮ್ಮ ದೇಶದ ಚುನಾವಣೆಯ ಇತಿಹಾಸದಲ್ಲಿ ವಿಚಾರಾರ್ಹವಾದ ಸಂಗತಿಯಾಗಿದೆ.

ಈ ಸೋಲಿಗೆ ಕಾರಣಗಳನ್ನು ಹೇಳುವಾಗ ನಾಯಕರ ವ್ಯಕ್ತಿತ್ವ, ಪಕ್ಷದ ಒಡಕು, ಘೋಷಣೆಗಳ ಸೆಳೆತ ಇವುಗಳನ್ನೇ ಮುಂದಿಡುವುದು ವಾಡಿಕೆ. ಇವು ನಿಜವಾದ ಕಾರಣಗಳೇ ಆದರೂ ಇವುಗಳ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಸ್ಥಿತಿರಕ್ಷಕ, ಎಂದರೆ ಖಾಸಗಿ ಸ್ವತ್ತನ್ನೂ ಇರುವ ವ್ಯವಸ್ಥೆಯನ್ನೂ ಕಾಪಾಡಬೇಕೆನ್ನುವ ರಾಜಕಾರಣವು ಆ ಹನ್ನೆರಡು ವರ್ಷಗಳಲ್ಲಿ ಕರಭಾರವನ್ನು ತನ್ನ ಮುಖ್ಯ ಮಾತನ್ನಾಗಿ ಮಾಡಿಕೊಂಡಿದ್ದಿತು. ಕರವೆಂದರೆ ಯಾರಿಗೂ ಪ್ರಿಯವಲ್ಲ. ಹೀಗಿರುವಲ್ಲಿ ಕರವನ್ನು ತಗ್ಗಿಸಬೇಕೆಂಬ ಮಾತು ಜನರ ಮನಸ್ಸನ್ನು ಏಕೆ ಹಿಡಿಯಲಿಲ್ಲ? ಯಾರ ಕರದ ಮಾತು ಅದು ಎಂಬುದನ್ನು ವಿಚಾರಿಸಿದರೆ ಉತ್ತರವು ದೊರೆಯುತ್ತದೆ. ಅದಕ್ಕಾಗಿ ಮುಖ್ಯಮಂತ್ರಿಗಳ ಸ್ವಂತ ಸೀಮೆಯಾದ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳನ್ನೂ, ಆ ಕಾಲದಲ್ಲಿ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಶಹಾಬಾದು, ವಾಡಿ ಎಂಬ ಎರಡು ಊರುಗಳನ್ನೂ ನಿದರ್ಶನವಾಗಿ ತೆಗೆದುಕೊಳ್ಳುವುದು ಉಚಿತವಾಗಿದೆ.

೨

ಈ ಸೀಮೆಯು ಕಾಗಿಣಾ ಹೊಳೆಯ ಬಯಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನ ಮಳಖೇಡವೆಂಬುದು ಸುವಿದಿತವಾದ ವಿಷಯ. ನೆಲದ ಮೇಲೆ ಜೋಳ, ತೊಗರಿ ಬೆಳೆಯುವ ಎರೆಮಣ್ಣು. ನೆಲದ ಕೆಳಗೆ ಪದರಪದರವಾದ ಸುಣ್ಣದ ಕಲ್ಲು. ಈ ಎರಡರಿಂದಲೇ ಇಲ್ಲಿಯ ಜನರ ಜೀವನ ಸಾಗಿತು. ಇವೆರಡರಿಂದಲೇ ಸರಕಾರಗಳಿಗೆ ಕರವೂ ದೊರೆಯಿತು.

ಹೈದರಾಬಾದು ಸಂಸ್ಥಾನದ ಆಳಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಭೂಕಂದಾಯದ ವಸೂಲಿಯನ್ನು ಗುತ್ತಿಗೆ ಕೊಡುವ ಪದ್ಧತಿಯಿದ್ದಿತು. ಹೆಚ್ಚು ಹಣ ಕೊಡುವೆನೆಂದವನಿಗೆ ತಾಲ್ಲೂಕು. ಅವನು ಕೊಟ್ಟುದಕ್ಕಿಂತ ಹೆಚ್ಚನ್ನು ರೈತರಿಂದ ಹಿಂಡಿಕೊಳ್ಳುವುದು ಸಹಜವೇ ಆಗಿದ್ದಿತು. ೧೮೫೩ರಲ್ಲಿ ದಿವಾನಗಿರಿಗೆ ಬಂದ ಮೊದಲನೆಯ ಸಾಲಾರ್ ಜಂಗರು ಈ ಪದ್ಧತಿಯನ್ನು ತೆಗೆದುಹಾಕಿ, ೧೮೬೫ರ ಜಿಲಾಬಂದಿಯ ಮೂಲಕ ಜಿಲ್ಲೆಗಳನ್ನು ರಚಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಮುಂಬಯಿ ಪ್ರಾಂತದ ಮಾದರಿಯ ಅಳತೆ ಮತ್ತು ರೈತವಾರಿ ನಿಷ್ಕರ್ಷೆಯೂ ಕ್ರಮೇಣ ಬಂದಿತು.

ಆದರೆ ಈ ಸುಧಾರಣೆಯು ದಿವಾನಿ ಗ್ರಾಮಗಳಿಗೆ ಮಾತ್ರ ಪೂರ್ತಿಯಾಗಿ ಅನ್ವಯಿಸಿತು. ಸಂಸ್ಥಾನದ ಭೂಮಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜಹಗೀರುಗಳಿಗೂ ನಿಜಾಮರ ಸ್ವಂತ ಭೂಮಿಯಾದ ಸರ್ಫ್-ಎ-ಖಾಸಿಗೂ ಸೇರಿದ್ದಿತು. ಗುಲಬರ್ಗ ಜಿಲ್ಲೆಯಲ್ಲಿ ದಿವಾನಿ ಗ್ರಾಮಗಳೂ, ಪಾಯಗಾ ಮನೆತನಗಳಿಗೆ ಸೇರಿದ ಗ್ರಾಮಗಳೂ, ಇತರ ಜಹಗೀರು, ಇನಾಮು, ಮಕ್ತಾ ಗ್ರಾಮಗಳೂ ಒಂದರೊಳಗೊಂದು ಬೆರೆತಿದ್ದುವು. ಜಹಗೀರು ಗ್ರಾಮದಲ್ಲಿ ರೈತನು ತೆರುತ್ತಿದ್ದ ಹಣವು ಸರಕಾರದ ಬೊಕ್ಕಸಕ್ಕೆ ಹೋಗದೆ ಜಹಗೀರುದಾರನ ಮನೆಯ ಉತ್ಪನ್ನವಾಗುತ್ತಿದ್ದಿತು. ದರವೂ ಸಾಮಾನ್ಯವಾಗಿ ದಿವಾನಿಯ ದರಕ್ಕಿಂತ ಹೆಚ್ಚಾಗಿದ್ದಿತು. ಒಂದೇ ಹೊಳೆಯ ದಡದಲ್ಲಿ, ಒಂದೇ ಬಗೆಯ ಮಣ್ಣನ್ನು ಉಳುವ ಇಬ್ಬರು ರೈತರು ಬೇರೆ ಬೇರೆ ಒಡೆಯರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕಂದಾಯ ಕೊಡಬೇಕಾಗುತ್ತಿದ್ದಿತು.

ಭೂಕಂದಾಯದ ಜೊತೆಗೆ ಇನ್ನೆರಡು ದೊಡ್ಡ ಬಾಬುಗಳಿದ್ದುವು. ಸೇಂದಿ ಸಾರಾಯಿಗಳ ಮೇಲಿನ ಅಬಕಾರಿ ಒಂದು. ಕರೋಡಗಿರಿ ಎಂದು ಕರೆಯಲ್ಪಡುತ್ತಿದ್ದ ಗಡಿಸುಂಕ ಇನ್ನೊಂದು. ೧೮೦೨ರ ವಾಣಿಜ್ಯದ ಒಪ್ಪಂದದಂತೆ ಸಂಸ್ಥಾನದೊಳಕ್ಕೆ ಬರುವ ಸರಕಿನ ಮೇಲೆ ಶೇಕಡ ೫ರ ಸುಂಕವನ್ನು ತೆಗೆದುಕೊಳ್ಳುವ ಹಕ್ಕು ನಿಜಾಮ ಸರಕಾರಕ್ಕೆ ಇದ್ದಿತು. ೧೮೭೧ರಲ್ಲಿ ಮುಂಬಯಿಯಿಂದ ರಾಯಚೂರಿನವರೆಗೆ ರೈಲು ಬಂದು, ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟ ಮೇಲೆ ವಾಡಿಯು ಪಶ್ಚಿಮದ ಸರಕು ರಾಜಧಾನಿಯ ಕಡೆಗೆ ತಿರುಗುವ ಕೂಡುನಿಲ್ದಾಣವಾಯಿತು. ಬಟ್ಟೆ, ಉಪ್ಪು ಮೊದಲಾದ ದಿನಬಳಕೆಯ ಪದಾರ್ಥಗಳ ಬೆಲೆಯೊಳಗೆ ಸುಂಕವು ಸೇರಿಕೊಂಡಿರುವುದೆಂಬ ಅನುಭವವು ಈ ಸೀಮೆಯ ಪೇಟೆಗಳಿಗೆ ಹೀಗೆ ಹಳೆಯದೇ ಆಗಿದ್ದಿತು.

ಈ ಎಲ್ಲ ಕರಗಳನ್ನು ತೆರುತ್ತಿದ್ದ ಜನರಿಗೆ ಅವುಗಳ ವಿಷಯವಾಗಿ ಮತ ಕೊಡುವ ಹಕ್ಕು ಯಾವ ಕಾಲದಲ್ಲಿಯೂ ಇದ್ದಿಲ್ಲ. ೧೯೩೯ರಲ್ಲಿ ಪ್ರಕಟವಾದ ಅಯ್ಯಂಗಾರ್ ಸಮಿತಿಯ ಸುಧಾರಣೆಗಳೂ ಆಯಾ ಹಿತಾಸಕ್ತಿಗಳಿಗೆ, ಜಹಗೀರುದಾರರಿಗೂ ಸೇರಿದಂತೆ, ಪ್ರತ್ಯೇಕ ಪ್ರಾತಿನಿಧ್ಯವನ್ನು ಕಲ್ಪಿಸಿದುವೇ ಹೊರತು ಸಾಮಾನ್ಯ ರೈತನ ಮತಕ್ಕೆ ಬೆಲೆ ಕೊಡಲಿಲ್ಲ.

೩

೧೯೪೮ರ ಸೆಪ್ಟೆಂಬರಿನ ಪೊಲೀಸು ಕಾರ್ಯಾಚರಣೆಯ ತರುವಾಯ ಈ ರಚನೆಯೆಲ್ಲವೂ ಬಹು ಶೀಘ್ರವಾಗಿ ಬದಲಾಯಿತು. ಸರ್ಫ್-ಎ-ಖಾಸ್ ದಿವಾನಿಯಲ್ಲಿ ಸೇರಿತು. ೧೯೪೯ರ ಆಗಸ್ಟ್ ೧೫ರಂದು ಜಹಗೀರುಗಳು ರದ್ದಾದುವು. ಜಹಗೀರುದಾರರಿಗೆ ಪರ್ಯಾಯದ ಹಣವು ಗೊತ್ತಾಯಿತು. ೧೯೫೦ರ ಏಪ್ರಿಲ್ ೧ರಿಂದ ಹಣಕಾಸಿನ ಐಕ್ಯವು ನೆರವೇರಿ ಆದಾಯಕರ ಮೊದಲಾದುವು ಕೇಂದ್ರದ ವಶವಾದುವು. ಅದೇ ವರ್ಷ ಮಾರಾಟ ತೆರಿಗೆಯ ಕಾನೂನೂ, ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನೂ ಹೈದರಾಬಾದಿನಲ್ಲಿ ಬಂದುವು. ೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ, ಜಹಗೀರುದಾರಿಯ ವಿರುದ್ಧ ಹೋರಾಡಿದ ಸ್ವಾಮಿ ರಮಾನಂದ ತೀರ್ಥರು ಗುಲಬರ್ಗದಿಂದ ಲೋಕಸಭೆಗೆ ಆರಿಸಿಬಂದರು. ೧೯೫೬ರ ನವೆಂಬರ್ ೧ರಂದು ಗುಲಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗವು ಮೈಸೂರು ರಾಜ್ಯವನ್ನು ಸೇರಿತು.

ಈ ಎಂಟು ವರ್ಷಗಳ ಘಟನೆಗಳಿಂದ ಒಂದು ಮುಖ್ಯವಾದ ಅನುಮಾನವನ್ನು ಮಾಡಬಹುದಾಗಿದೆ. ಸರಕಾರವು ವಿಸ್ತಾರವಾದಷ್ಟೂ ಪ್ರಜೆಯ ಸ್ವಾತಂತ್ರ್ಯವು ಕುಗ್ಗುವುದೆಂಬುದು ಸ್ಥಿತಿರಕ್ಷಕ ತತ್ತ್ವದ ತಿರುಳು. ಜಹಗೀರು ಗ್ರಾಮದ ರೈತನ ಅನುಭವವು ಇದಕ್ಕೆ ತದ್ವಿರುದ್ಧವಾದುದು. ಅವನ ಹೊಲಕ್ಕೂ ಬೊಕ್ಕಸಕ್ಕೂ ನಡುವೆ ನಿಂತಿದ್ದ ಖಾಸಗಿ ಒಡೆಯನನ್ನು ತೆಗೆದುಹಾಕಿದುದು ಸರಕಾರದ ಕೈಯೇ. ಕರವನ್ನು ಸರಕಾರಕ್ಕೆ ನೇರವಾಗಿ ಕೊಡುವುದೇ ಅವನ ಮಟ್ಟಿಗೆ ಬಿಡುಗಡೆಯ ಗುರುತಾಗಿದ್ದಿತು. ಆದುದರಿಂದ ಸರಕಾರದ ಕೈಯನ್ನು ಕಿರಿದುಗೊಳಿಸಬೇಕೆಂಬ ಮಾತು ಇಲ್ಲಿ ಬೇರೂರುವುದು ಸುಲಭವಾಗಿರಲಿಲ್ಲ.

೪

ಆ ಮಾತನ್ನು ದೇಶದಲ್ಲೆಲ್ಲ ಹೇಳಲು ಒಂದು ಪಕ್ಷವೇ ಹುಟ್ಟಿಕೊಂಡಿತು. ೧೯೫೯ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ನಿರ್ಣಯವನ್ನು ಅಂಗೀಕರಿಸಿತು. ಅದನ್ನು ವಿರೋಧಿಸಿ ಅದೇ ವರ್ಷ ಚಕ್ರವರ್ತಿ ರಾಜಗೋಪಾಲಾಚಾರ್ಯರ ನೇತೃತ್ವದಲ್ಲಿ ಸ್ವತಂತ್ರ ಪಕ್ಷವು ಸ್ಥಾಪಿತವಾಯಿತು. ಆಚಾರ್ಯ ಎನ್. ಜಿ. ರಂಗಾ ಅಧ್ಯಕ್ಷರು, ಮೀನೂ ಮಸಾನಿಯವರು ಕಾರ್ಯದರ್ಶಿಗಳು. ರೈತನ ಒಡೆತನವು ಉಳಿಯಬೇಕು, ಪರ್ಮಿಟ್ಟು ಲೈಸೆನ್ಸು ಕೋಟಾಗಳ ಆಳಿಕೆಯು ತೊಲಗಬೇಕು, ಕರಭಾರವು ಇಳಿಯಬೇಕು ಎಂಬುವು ಅದರ ಮುಖ್ಯ ತತ್ತ್ವಗಳಾಗಿದ್ದುವು.

ಕರದ ವಿಷಯದಲ್ಲಿ ಅವರ ಆಕ್ಷೇಪಣೆಗೆ ಸಾಕಷ್ಟು ಆಸ್ಪದವಿದ್ದಿತು. ೧೯೫೩ರಲ್ಲಿ ಮರಣಾನಂತರದ ಆಸ್ತಿಯ ಮೇಲಿನ ಸುಂಕ ಬಂದಿತು. ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞರಾದ ನಿಕೊಲಾಸ್ ಕಾಲ್ಡೋರರು ೧೯೫೬ರಲ್ಲಿ ಕೊಟ್ಟ ವರದಿಯನ್ನು ಅನುಸರಿಸಿ ೧೯೫೭ರಲ್ಲಿ ಸಂಪತ್ತಿನ ತೆರಿಗೆಯೂ ವೆಚ್ಚದ ತೆರಿಗೆಯೂ, ೧೯೫೮ರಲ್ಲಿ ದಾನದ ತೆರಿಗೆಯೂ ಬಂದುವು. ಇವುಗಳಲ್ಲಿ ವೆಚ್ಚದ ತೆರಿಗೆಯ ಚರಿತ್ರೆಯು ಕುತೂಹಲಕರವಾಗಿದೆ. ಚುನಾವಣೆಯ ವರ್ಷವಾದ ೧೯೬೨ರಲ್ಲಿ ಮೊರಾರ್ಜಿ ದೇಸಾಯಿಯವರು ಅದನ್ನು ಕೈಬಿಟ್ಟರು, ೧೯೬೪ರಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ಮತ್ತೆ ಹಾಕಿದರು. ೧೯೬೬ರಲ್ಲಿ ಅದು ಪುನಃ ಹೋಯಿತು. ಇದರಿಂದ ನೇರ ತೆರಿಗೆಗಳ ಬಗ್ಗೆ ಆಳುವ ಪಕ್ಷದೊಳಗೇ ಎರಡು ಅಭಿಪ್ರಾಯಗಳಿದ್ದುವೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಇವೆಲ್ಲವೂ ಪಟ್ಟಣದ ಧನಿಕರಿಗೆ ತಗಲುವ ತೆರಿಗೆಗಳು. ಸಂವಿಧಾನದಂತೆ ಬೇಸಾಯದ ಆದಾಯದ ಮೇಲೆ ಕರ ಹಾಕುವ ಅಧಿಕಾರವು ರಾಜ್ಯಗಳಿಗೆ ಸೇರಿದುದು. ಕೇಂದ್ರದ ಆದಾಯಕರವು ಜೋಳ ತೊಗರಿಗಳ ಬೆಳೆಗಾರನನ್ನು ಮುಟ್ಟುತ್ತಿರಲಿಲ್ಲ. ಅವನನ್ನು ಮುಟ್ಟುತ್ತಿದ್ದುದು ಭೂಕಂದಾಯವೂ ಮಾರಾಟ ತೆರಿಗೆಯೂ ಕೇಂದ್ರದ ಉತ್ಪಾದನಾ ಸುಂಕಗಳೂ. ಇವುಗಳಲ್ಲಿ ಮಾರಾಟ ತೆರಿಗೆಯನ್ನು ದಕ್ಷಿಣ ದೇಶಕ್ಕೆ ತಂದವರು ಸ್ವತಃ ರಾಜಗೋಪಾಲಾಚಾರ್ಯರೇ. ೧೯೩೭ರಲ್ಲಿ ಮದರಾಸಿನ ಪ್ರಧಾನಿಗಳಾಗಿ ಅವರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿದರು. ಅದರಿಂದ ಅಬಕಾರಿಯಲ್ಲಿ ಬರುವ ನಷ್ಟವನ್ನು ತುಂಬಲು ೧೯೩೯ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯ ಕಾನೂನನ್ನು ಮಾಡಿದರು. ಮುಂದೆ ಎಲ್ಲ ರಾಜ್ಯಗಳೂ ಆ ಮಾರ್ಗವನ್ನೇ ಹಿಡಿದುವು. ಕರವನ್ನು ತಗ್ಗಿಸಿರೆಂದು ಕರೆಕೊಟ್ಟ ಪಕ್ಷದ ಹಿರಿಯರು ಬಡವನ ಚೀಲಕ್ಕೆ ಕೈಹಾಕುವ ತೆರಿಗೆಯ ಪ್ರವರ್ತಕರೂ ಆಗಿದ್ದರೆಂಬುದು ಆಕ್ಷೇಪಣೆಗಾಗಿ ಹೇಳುವ ಮಾತಲ್ಲ. ನೇರ ತೆರಿಗೆಯ ವಿವಾದವು ಎಷ್ಟು ಗಟ್ಟಿಯಾಗಿ ಕೇಳಿಸಿತೋ ಪರೋಕ್ಷ ತೆರಿಗೆಯ ವಿವಾದವು ಅಷ್ಟು ಗಟ್ಟಿಯಾಗಿ ಏಕೆ ಕೇಳಿಸಲಿಲ್ಲವೆಂಬುದಕ್ಕೆ ಅದೊಂದು ಸೂಚನೆಯಾಗಿದೆ. ಪರೋಕ್ಷ ತೆರಿಗೆಯಿಲ್ಲದೆ ಯಾವ ಪಕ್ಷದ ಸರಕಾರವೂ ನಡೆಯುವಂತಿರಲಿಲ್ಲ.

೫

ಸ್ವತಂತ್ರ ಪಕ್ಷವು ೧೯೬೨ರಲ್ಲಿ ಲೋಕಸಭೆಯಲ್ಲಿ ೧೮ ಸ್ಥಾನಗಳನ್ನೂ, ಮೈಸೂರು ವಿಧಾನಸಭೆಯಲ್ಲಿ ೯ ಸ್ಥಾನಗಳನ್ನೂ ಪಡೆಯಿತು. ೧೯೬೭ರಲ್ಲಿ ಈ ಸಂಖ್ಯೆಗಳು ೪೪ಕ್ಕೂ ೧೬ಕ್ಕೂ ಏರಿದುವು. ಮೈಸೂರು ರಾಜ್ಯದಿಂದ ಲೋಕಸಭೆಗೆ ಆ ಪಕ್ಷದ ಐವರು ಆರಿಸಿಬಂದರು: ಚಿತ್ರದುರ್ಗ, ಹಾಸನ, ಉಡುಪಿ, ಬಿಜಾಪುರ, ರಾಯಚೂರು ಇವು ಆ ಐದು ಕ್ಷೇತ್ರಗಳು. ಇವುಗಳಲ್ಲಿ ಕೊನೆಯ ಎರಡು ಗುಲಬರ್ಗ ಜಿಲ್ಲೆಯ ನೆರೆಹೊರೆಯವು. ಸುರಪುರ ಸಂಸ್ಥಾನದ ನೆನಪು ಇನ್ನೂ ಬಲವಾಗಿದ್ದ ಸೀಮೆಗೆ ಹತ್ತಿದ ರಾಯಚೂರಿನಲ್ಲಿ ರಾಜಾ ವೆಂಕಟಪ್ಪ ನಾಯಕರು ಗೆದ್ದರು.

ಆದರೆ ಗುಲಬರ್ಗ ಕ್ಷೇತ್ರವೂ ಬೀದರ ಕ್ಷೇತ್ರವೂ ಕಾಂಗ್ರೆಸ್ಸಿನ ಕೈಯಲ್ಲಿಯೇ ಉಳಿದುವು. ಗುಲಬರ್ಗದಿಂದ ಗೆದ್ದವರು, ೧೯೫೮ರಲ್ಲಿ ಹೈದರಾಬಾದು ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಶ್ರೀ ಮಹದೇವಪ್ಪ ರಾಂಪುರೆಯವರು. ಚಿಂಚೋಳಿಯಿಂದ ೧೯೫೭ರಿಂದಲೂ ವಿಧಾನಸಭೆಗೆ ಬರುತ್ತಿದ್ದ ಶ್ರೀ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಲೋಕೋಪಯೋಗಿ ಖಾತೆಯನ್ನು ನೋಡಿಕೊಳ್ಳುತ್ತಿದ್ದರು. ಶಾಲೆ, ಕಾಲೇಜು, ರಸ್ತೆ, ಸೇತುವೆ ಇವೆಲ್ಲವೂ ಬೊಕ್ಕಸದ ಹಣವನ್ನು ಬೇಡುವ ಕೆಲಸಗಳು. ನಿಜಾಮರ ಕಾಲದಲ್ಲಿ ಹಿಂದುಳಿದಿದ್ದ ಸೀಮೆಯ ಗಣ್ಯರಿಗೆ ಸರಕಾರದ ವೆಚ್ಚವು ಕಡಮೆಯಾಗುವುದರಿಂದ ಲಾಭವಿರಲಿಲ್ಲ. ಅದು ತಮ್ಮ ಕಡೆಗೆ ಹರಿಯುವುದರಿಂದಲೇ ಲಾಭವಿದ್ದಿತು. ಆದಕಾರಣ ಬೇರೆಡೆಗಳಲ್ಲಿ ಸ್ಥಿತಿರಕ್ಷಕ ಪಕ್ಷವನ್ನು ಸೇರಬಹುದಾಗಿದ್ದ ಭೂಮಾಲಿಕ ವರ್ಗವು ಇಲ್ಲಿ ಬಹುಮಟ್ಟಿಗೆ ಆಳುವ ಪಕ್ಷದೊಳಗೇ ಇದ್ದುಕೊಂಡಿತು.

೧೯೬೭ರ ಯಶಸ್ಸಿಗೆ ಕಾರಣವನ್ನೂ ಸರಿಯಾಗಿ ಗ್ರಹಿಸಬೇಕು. ೧೯೬೫ ಮತ್ತು ೧೯೬೬ರಲ್ಲಿ ದೇಶವು ಭೀಕರವಾದ ಅನಾವೃಷ್ಟಿಗೆ ಸಿಕ್ಕಿತು. ೧೯೬೬ರ ಜೂನಿನಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ಒಂದು ಡಾಲರಿಗೆ ೪.೭೬ ರೂಪಾಯಿಗಳಿದ್ದುದು ೭.೫೦ ಆಯಿತು. ಕಾಳುಕಡ್ಡಿಗಳ ಬೆಲೆ ಏರಿದ್ದಿತು. ಪರ್ಮಿಟ್ಟಿಲ್ಲದೆ ಏನೂ ದೊರೆಯದಂತಹ ಕಾಲ. ಆಗ ಸ್ವತಂತ್ರ ಪಕ್ಷದ ಮಾತು ಧನಿಕನ ಸಂಪತ್ತಿನ ತೆರಿಗೆಯಿಂದ ಇಳಿದು ಎಲ್ಲರ ಅಡುಗೆಮನೆಯವರೆಗೆ ಬಂದಿದ್ದಿತು. ಬೆಲೆಯೇರಿಕೆಯೂ ಒಂದು ಬಗೆಯ ಕರವೇ ಎಂಬ ಅದರ ವಾದವನ್ನು ಓದುಬರಹವಿಲ್ಲದವನೂ ತಿಳಿಯಬಲ್ಲವನಾಗಿದ್ದನು. ಸ್ಥಿತಿರಕ್ಷಕ ರಾಜಕಾರಣವು ಜನಸಾಮಾನ್ಯರ ಕರದ ಸಮೀಪಕ್ಕೆ ಬಂದ ಒಂದೇ ಸಂದರ್ಭ ಅದು. ಅದಕ್ಕೆ ಅತ್ಯಂತ ಹೆಚ್ಚಿನ ಯಶಸ್ಸು ದೊರೆತುದೂ ಆಗಲೇ.

೬

೧೯೬೮ರ ಮೇ ತಿಂಗಳಲ್ಲಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ೧೯೬೯ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದ ಕಾಂಗ್ರೆಸ್ ಸಮಿತಿಯಲ್ಲಿ ಒಡಕು ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ ಮೊರಾರ್ಜಿಯವರಿಂದ ಅರ್ಥ ಖಾತೆಯನ್ನು ತೆಗೆದುಕೊಂಡುದೂ, ಜುಲೈ ೧೯ರಂದು ೧೪ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದುದೂ ನಡೆಯಿತು. ಆಗಸ್ಟಿನ ರಾಷ್ಟ್ರಪತಿಯ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ದೊರಕಿಸಲು ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರೊಡನೆ ಮಾತುಕತೆ ನಡೆಯಿಸಿದರು. ಮುಂದಿನ ಮಹಾಮೈತ್ರಿಕೂಟದ ಬೀಜ ಇಲ್ಲಿಯೇ ಇದೆ. ನವೆಂಬರಿನಲ್ಲಿ ಪಕ್ಷವು ಒಡೆಯಿತು. ಮೈಸೂರಿನ ಸರಕಾರವು ಸಂಸ್ಥಾ ಕಾಂಗ್ರೆಸ್ಸಿನೊಡನೆ ನಿಂತಿತು.

ಸಂಸ್ಥಾ ಕಾಂಗ್ರೆಸ್ಸಿನವರನ್ನು ಕೇವಲ ಸ್ಥಿತಿರಕ್ಷಕರೆಂದು ಕರೆಯುವುದು ನ್ಯಾಯವಾಗದು. ಅವರು ಸಮಾಜವಾದದ ನಿರ್ಣಯಗಳನ್ನು ಒಪ್ಪಿಕೊಂಡ ಪಕ್ಷದಲ್ಲಿಯೇ ಬೆಳೆದವರು. ಬೇಸಾಯದ ಭೂಮಿಯನ್ನು ಸಂಪತ್ತಿನ ತೆರಿಗೆಗೆ ಒಳಪಡಿಸಿದ ಪ್ರಸ್ತಾವವು ೧೯೬೯ರ ಆಯವ್ಯಯದಲ್ಲಿ ಮೊರಾರ್ಜಿ ದೇಸಾಯಿಯವರಿಂದಲೇ ಬಂದಿತು. ಅದನ್ನು ಸುಪ್ರೀಂ ಕೋರ್ಟು ೧೯೭೧ರಲ್ಲಿ ಊರ್ಜಿತಗೊಳಿಸಿತು. ಆದರೆ ಒಮ್ಮೆ ಸ್ವತಂತ್ರ ಪಕ್ಷದೊಡನೆ ಕೈಜೋಡಿಸಿದ ಮೇಲೆ, ಯಾವುದನ್ನು ಕಾಪಾಡಲು ಈ ಕೂಟವು ನಿಂತಿದೆಯೆಂಬ ಪ್ರಶ್ನೆಗೆ ಅವರೂ ಉತ್ತರ ಕೊಡಬೇಕಾಯಿತು.

ಎದುರು ಪಕ್ಷವು ಆ ಉತ್ತರವನ್ನು ತಾನೇ ಸಿದ್ಧಪಡಿಸಿತು. ಪ್ರಧಾನಮಂತ್ರಿಗಳು ಅರ್ಥ ಖಾತೆಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ೧೯೭೦ರ ಫೆಬ್ರವರಿಯಲ್ಲಿ ಮಂಡಿಸಿದ ಆಯವ್ಯಯದಲ್ಲಿ, ೨ ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಆದಾಯದ ಮೇಲೆ ಮೇಲ್ತೆರಿಗೆಯೂ ಸೇರಿ ಶೇಕಡ ೯೩.೫ರ ಕರವನ್ನು ಹಾಕಿದರು. ಸಂಪತ್ತಿನ ತೆರಿಗೆಯ ಮೇಲ್ಮಟ್ಟವನ್ನು ಶೇಕಡ ೫ಕ್ಕೆ ಏರಿಸಿದರು. ಅದೇ ಕಾಲಕ್ಕೆ ೫,೦೦೦ ರೂಪಾಯಿಗಳವರೆಗಿನ ಆದಾಯಕ್ಕೆ ಕರವಿಲ್ಲವೆಂದರು. ಆ ವರ್ಷವೇ ಮಾಜಿ ಅರಸರ ರಾಜಧನವನ್ನು ರದ್ದುಮಾಡುವ ಮಸೂದೆಯು ರಾಜ್ಯಸಭೆಯಲ್ಲಿ ಅತ್ಯಲ್ಪ ಅಂತರದಿಂದ ಬಿದ್ದುಹೋಯಿತು. ರಾಷ್ಟ್ರಪತಿಗಳ ಆಜ್ಞೆಯ ಮೂಲಕ ಅದನ್ನೇ ಸಾಧಿಸಹೋದಾಗ ಡಿಸೆಂಬರ್ ೧೫ರಂದು ಸುಪ್ರೀಂ ಕೋರ್ಟು ಆಜ್ಞೆಯನ್ನು ತಳ್ಳಿಹಾಕಿತು. ಡಿಸೆಂಬರ್ ೨೭ರಂದು ಲೋಕಸಭೆ ವಿಸರ್ಜಿತವಾಯಿತು. ಬಡತನವನ್ನು ಅಟ್ಟಿರಿ ಎಂಬುದು ಒಂದು ಪಕ್ಷದ ಕೂಗು. ಇಂದಿರೆಯನ್ನು ಅಟ್ಟಿರಿ ಎಂಬುದು ಇನ್ನೊಂದರದು.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಶೇಕಡ ೯೩.೫ರ ಕರವು ವಿವೇಕವೆಂದು ಹೇಳಲಾಗದು. ಅಂತಹ ದರವು ದುಡಿಯುವವನ ಉತ್ಸಾಹವನ್ನು ಕುಂದಿಸುತ್ತದೆ. ಲೆಕ್ಕವನ್ನು ಮರೆಮಾಚಲು ಪ್ರೇರಿಸುತ್ತದೆ. ಮೈತ್ರಿಕೂಟದವರ ವಾದದಲ್ಲಿ ಸತ್ಯಾಂಶವಿದ್ದಿತು. ಆದರೆ ಆ ಸತ್ಯವನ್ನು ಅನುಭವಿಸಿದವರು ದೇಶದಲ್ಲಿ ಕೆಲವೇ ಮಂದಿ. ಜಹಗೀರುದಾರಿಯು ಹೋಗಿ ಇಪ್ಪತ್ತೊಂದೇ ವರ್ಷಗಳಾಗಿದ್ದ ಸೀಮೆಯಲ್ಲಿ ರಾಜಧನದ ಹಕ್ಕನ್ನೂ ಧನಿಕರ ಕರವಿನಾಯಿತಿಯನ್ನೂ ಒಂದೇ ಉಸಿರಿನಲ್ಲಿ ಸಮರ್ಥಿಸಿದಂತೆ ತೋರಿದುದು ಆ ಕೂಟಕ್ಕೆ ದೊಡ್ಡ ಹಾನಿಯನ್ನುಂಟುಮಾಡಿತೆಂದು ತರ್ಕಿಸಲು ಅವಕಾಶವಿದೆ.

೭

ಇಷ್ಟಕ್ಕೂ ಈ ಐದು ಊರುಗಳಿಂದ ಬೊಕ್ಕಸಕ್ಕೆ ಹೋಗುತ್ತಿದ್ದ ದೊಡ್ಡ ಕರವು ಯಾವುದು? ಅದು ಕಲ್ಲಿನಿಂದ ಹುಟ್ಟಿದುದು. ಶಹಾಬಾದಿನ ಫರಸಿಕಲ್ಲು ದಕ್ಷಿಣ ದೇಶದ ಅಸಂಖ್ಯಾತ ಮನೆಗಳ ನೆಲವಾಗಿದೆ. ಅಲ್ಲಿಯ ಸಿಮೆಂಟ್ ಕಂಪನಿಯು ೧೯೩೬ರಲ್ಲಿ ಇತರ ಕಂಪನಿಗಳೊಡನೆ ಸೇರಿ ಎ. ಸಿ. ಸಿ. ಎಂಬ ಕೂಟಸಂಸ್ಥೆಯ ಭಾಗವಾಯಿತು. ೧೯೬೮ರಲ್ಲಿ, ಚಿಂಚೋಳಿಯವರು ಮುಖ್ಯಮಂತ್ರಿಗಳಾದ ವರ್ಷವೇ, ವಾಡಿಯಲ್ಲಿ ಅದೇ ಸಂಸ್ಥೆಯ ಹೊಸ ಕಾರಖಾನೆಯು ಕೆಲಸಕ್ಕೆ ತೊಡಗಿತು. ಮುಂದೆ ೧೯೮೦ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿಯೂ ಇಂತಹ ಕಾರಖಾನೆಗಳು ಎದ್ದುವು.

ಸಿಮೆಂಟಿನ ಮೇಲೆ ಕೇಂದ್ರದ ಉತ್ಪಾದನಾ ಸುಂಕವು ೧೯೫೪ರ ಆಯವ್ಯಯದಲ್ಲಿ ಬಂದಿತು. ಸುಂಕವನ್ನು ಕಟ್ಟುವವನು ಕಾರಖಾನೆಯವನಾದರೂ ಹೊರುವವನು ಮನೆ ಕಟ್ಟುವವನು. ಬೆಲೆಯನ್ನೂ ಹಂಚಿಕೆಯನ್ನೂ ಸರಕಾರವೇ ಗೊತ್ತುಮಾಡುತ್ತಿದ್ದಿತು. ೧೯೫೬ರಿಂದ ಹಂಚಿಕೆಯು ಸರಕಾರದ ವಾಣಿಜ್ಯ ನಿಗಮದ ಕೈಗೆ ಹೋಗಿ, ದೇಶದ ಎಲ್ಲೆಡೆಯ ರೈಲು ನಿಲ್ದಾಣಗಳಲ್ಲಿಯೂ ಒಂದೇ ಬೆಲೆ ಎಂಬ ನಿಯಮವು ಜಾರಿಗೆ ಬಂದಿತು. ಇದರ ಫಲವೇನೆಂದರೆ, ಸಿಮೆಂಟು ಹುಟ್ಟುವ ವಾಡಿಯಲ್ಲಿ ಅದನ್ನು ಕೊಳ್ಳುವವನೂ ಸಾವಿರ ಮೈಲಿಗಳ ದೂರದಲ್ಲಿ ಕೊಳ್ಳುವವನೂ ಸಾಗಾಣಿಕೆಯ ವೆಚ್ಚವನ್ನು ಸಮವಾಗಿ ಹೊರಬೇಕಾಯಿತು. ೧೯೬೬ರ ಆರಂಭದಲ್ಲಿ ಈ ನಿಯಂತ್ರಣವನ್ನು ಸಡಿಲಿಸಿ ೧೯೬೮ರಲ್ಲಿ ಮತ್ತೆ ಬಿಗಿಗೊಳಿಸಲಾಯಿತು. ಪರ್ಮಿಟ್ಟಿನ ಆಳಿಕೆಯ ವಿರುದ್ಧ ಮಾತನಾಡುವ ಪಕ್ಷಕ್ಕೆ ಇದಕ್ಕಿಂತ ಉತ್ತಮವಾದ ಸ್ಥಳೀಯ ನಿದರ್ಶನವು ದೊರೆಯುವಂತಿರಲಿಲ್ಲ. ಗಣಿಯಲ್ಲಿ ಕಲ್ಲು ಒಡೆಯುವವನು, ಕಾರಖಾನೆಯಲ್ಲಿ ದುಡಿಯುವವನು, ಸಂತೆಯಲ್ಲಿ ಎಣ್ಣೆ ಬೆಂಕಿಪೆಟ್ಟಿಗೆ ಕೊಳ್ಳುವವನು ಇವರೆಲ್ಲರೂ ಪದಾರ್ಥದ ಬೆಲೆಯೊಳಗೆ ಅಡಗಿದ್ದ ಕರವನ್ನು ದಿನದಿನವೂ ತೆರುತ್ತಿದ್ದರು. ಆದರೆ ೧೯೭೧ರ ಮಹಾವಾದದಲ್ಲಿ ಎರಡು ಕಡೆಯವರೂ ಮುಂದಿಟ್ಟುದು ಕೆಲವರ ನೇರ ತೆರಿಗೆಯನ್ನು. ಧನಿಕರಿಂದ ಹೆಚ್ಚು ತೆಗೆದುಕೊಳ್ಳುವೆನೆಂದ ಪಕ್ಷವು ಬಡವರಿಂದ ಕಡಮೆ ತೆಗೆದುಕೊಳ್ಳುವೆನೆಂದು ಹೇಳಲಿಲ್ಲ. ಧನಿಕರನ್ನು ಬಿಡಿರೆಂದ ಪಕ್ಷವು ಬಡವರ ಕರವನ್ನು ತನ್ನ ಧ್ವಜವನ್ನಾಗಿ ಮಾಡಿಕೊಳ್ಳಲಿಲ್ಲ.

೮

ಇದು ನಮ್ಮ ದೇಶದ ಸ್ಥಿತಿರಕ್ಷಕರೊಬ್ಬರ ಅನುಭವವಲ್ಲ. ಅಮೆರಿಕೆಯ ಸಂಯುಕ್ತ ಸಂಸ್ಥಾನದಲ್ಲಿ ೧೯೬೪ ಚುನಾವಣೆಯ ವರ್ಷ. ಅಲ್ಲಿಯೂ ಆದಾಯಕರದ ಮೇಲ್ಮಟ್ಟವು ಶೇಕಡ ೯೧ರಷ್ಟಿದ್ದು, ಆ ವರ್ಷದ ಫೆಬ್ರವರಿಯ ಕಾನೂನು ಅದನ್ನು ಎರಡು ಹಂತಗಳಲ್ಲಿ ೭೦ಕ್ಕೆ ಇಳಿಸಿತು. ಇಳಿಸಿದವರು ಉದಾರವಾದಿಗಳೆನಿಸಿಕೊಂಡ ಡೆಮೊಕ್ರಾಟರು. ಸ್ಥಿತಿರಕ್ಷಕರ ಮುಂದಾಳಾಗಿ ಅಧ್ಯಕ್ಷ ಪದವಿಗೆ ನಿಂತ ಬ್ಯಾರಿ ಗೋಲ್ಡ್‌ವಾಟರರು ವೆಚ್ಚವನ್ನು ತಗ್ಗಿಸದೆ ಕರವನ್ನು ತಗ್ಗಿಸಬಾರದೆಂಬ ನಿಲುವಿನಿಂದ ಆ ಕಾನೂನಿನ ವಿರುದ್ಧವಾಗಿ ಮತ ಕೊಟ್ಟರು. ತತ್ತ್ವದಲ್ಲಿ ಅವರು ಅಚಲರಾಗಿದ್ದರು. ಆದರೆ ೫೦ ಸಂಸ್ಥಾನಗಳಲ್ಲಿ ೪೪ನ್ನು ಕಳೆದುಕೊಂಡರು. ಹದಿನಾರು ವರ್ಷಗಳ ತರುವಾಯ, ೧೯೮೦ರಲ್ಲಿ, ರೊನಾಲ್ಡ್ ರೇಗನರು ಎಲ್ಲ ವರ್ಗದವರ ಆದಾಯಕರವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುವೆನೆಂದು ಹೇಳಿ ಅದೇ ಪಕ್ಷಕ್ಕೆ ಜಯವನ್ನು ತಂದರು. ಸ್ಥಿತಿರಕ್ಷಕ ಪಕ್ಷವು ಕರದ ಮಾತಿನಿಂದ ಗೆಲ್ಲಬೇಕಾದರೆ ಆ ಕರವು ಮತದಾರನದೇ ಆಗಿರಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅಮೆರಿಕೆಯಲ್ಲಿ ಬಹುಮಂದಿ ದುಡಿಯುವವರು ಆದಾಯಕರವನ್ನು ತೆರುತ್ತಿದ್ದುದರಿಂದ ಅದು ಸಾಧ್ಯವಾಯಿತು. ಸೇಡಂ, ಚಿಂಚೋಳಿಗಳ ಮತದಾರನಿಗೂ ಆದಾಯಕರಕ್ಕೂ ಸಂಬಂಧವೇ ಇಲ್ಲದುದರಿಂದ ಆ ಉಪಾಯವು ಇಲ್ಲಿ ನಡೆಯಲಾರದಾಗಿದ್ದಿತು.

೯

ಫಲಿತಾಂಶವು ಪ್ರಸಿದ್ಧವಾಗಿದೆ. ದೇಶದಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ೩೫೨ ಸ್ಥಾನಗಳು. ಸಂಸ್ಥಾ ಕಾಂಗ್ರೆಸ್ಸಿಗೆ ೧೬, ಸ್ವತಂತ್ರ ಪಕ್ಷಕ್ಕೆ ೮. ಗುಲಬರ್ಗದಲ್ಲಿ ಶ್ರೀ ಧರ್ಮರಾವ್ ಅಫಜಲಪುರಕರರು ಗೆದ್ದರು. ನಾಲ್ಕು ವರ್ಷಗಳ ಹಿಂದೆ ಸ್ವತಂತ್ರ ಪಕ್ಷವನ್ನು ಗೆಲ್ಲಿಸಿದ್ದ ರಾಯಚೂರು, ಬಿಜಾಪುರಗಳೂ ತಿರುಗಿಬಿದ್ದುವು. ಆ ತಿಂಗಳೇ ವೀರೇಂದ್ರ ಪಾಟೀಲರ ಮಂತ್ರಿಮಂಡಲವು ಹೋಗಿ ರಾಷ್ಟ್ರಪತಿಗಳ ಆಳಿಕೆ ಬಂದಿತು. ೧೯೭೨ರ ಚುನಾವಣೆಯ ತರುವಾಯ ದೇವರಾಜ ಅರಸರು ಅಧಿಕಾರಕ್ಕೆ ಬಂದರು. ಮರುವರ್ಷ, ಪುರಸಭೆಗಳು ಊರಬಾಗಿಲಿನಲ್ಲಿ ಎತ್ತುತ್ತಿದ್ದ ಜಕಾತಿಯನ್ನು ತೆಗೆಯುವ ವಿಚಾರಕ್ಕಾಗಿ ಒಂದು ಸಮಿತಿಯು ನೇಮಕವಾಯಿತು. ಅದರ ಅಧ್ಯಕ್ಷರಾದವರು ಇದೇ ಜಿಲ್ಲೆಯ ಗುರುಮಠಕಲ್ಲಿನಿಂದ ಆರಿಸಿಬಂದಿದ್ದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು. ಸಂತೆಗೆ ಬರುವವನ ಕರವು ಆಗ ವಿಚಾರಕ್ಕೆ ಬಂದಿತು. ಮುಂದೆ ಆ ಜಕಾತಿಯು ರಾಜ್ಯದಲ್ಲಿ ತೆಗೆಯಲ್ಪಟ್ಟಿತು.

ಚುನಾವಣೆಯಲ್ಲಿ ಸೋತ ನೀತಿಯಾದರೋ ಬೇರೊಂದು ದಾರಿಯಿಂದ ಜಯವನ್ನು ಪಡೆಯಿತು. ಗೆಲುವಿನ ತರುವಾಯ ಆದಾಯಕರದ ಮೇಲ್ಮಟ್ಟವು ಶೇಕಡ ೯೭.೭೫ಕ್ಕೆ ಏರಿತು. ಆದರೆ ನಿವೃತ್ತ ಮುಖ್ಯ ನ್ಯಾಯಾಧೀಶರಾದ ವಾಂಛೂ ಅವರ ಸಮಿತಿಯು ೧೯೭೧ರ ಡಿಸೆಂಬರಿನಲ್ಲಿಯೇ, ಇಷ್ಟು ಎತ್ತರದ ದರವೇ ಕಪ್ಪುಹಣಕ್ಕೆ ಮೂಲವೆಂದು ವರದಿ ಮಾಡಿತು. ೧೯೭೪ರಲ್ಲಿ ಅದೇ ಕಾಂಗ್ರೆಸ್ ಸರಕಾರವು ದರವನ್ನು ೭೭ಕ್ಕೆ ಇಳಿಸಿತು. ೧೯೮೫ರಲ್ಲಿ ಅದು ೫೦ಕ್ಕೆ ಬಂದಿತು. ಸ್ವತಂತ್ರ ಪಕ್ಷವು ಭಾರತೀಯ ಲೋಕದಳದಲ್ಲಿ ವಿಲೀನವಾಗಿ ಹೆಸರಿಲ್ಲದಂತಾದುದೂ ೧೯೭೪ರಲ್ಲಿಯೇ. ಮರಣಾನಂತರದ ಸುಂಕವು ೧೯೮೫ರಲ್ಲಿ, ದಾನದ ತೆರಿಗೆಯು ೧೯೯೮ರಲ್ಲಿ, ಸಂಪತ್ತಿನ ತೆರಿಗೆಯು ೨೦೧೫ರ ಆಯವ್ಯಯದಲ್ಲಿ ಹೋದುವು. ಪಕ್ಷವು ಅಳಿಯಿತು, ಅದರ ಬೇಡಿಕೆಯು ಅದನ್ನು ಸೋಲಿಸಿದವರಿಂದಲೂ ಅವರ ನಂತರ ಬಂದವರಿಂದಲೂ ಒಂದೊಂದಾಗಿ ನೆರವೇರಿತು.

ಉಳಿದುಕೊಂಡುದು ಪರೋಕ್ಷ ತೆರಿಗೆ. ಉತ್ಪಾದನಾ ಸುಂಕವೂ ಮಾರಾಟ ತೆರಿಗೆಯ ಉತ್ತರಾಧಿಕಾರಿಗಳೂ ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವೆಗಳ ತೆರಿಗೆಯಲ್ಲಿ ಬಹುಮಟ್ಟಿಗೆ ಲೀನವಾದುವು. ಹೆಸರು ಬದಲಾದರೂ ಹೊರುವವನು ಬದಲಾಗಲಿಲ್ಲ. ಕರೋಡಗಿರಿಯ ಕಾಲದಿಂದ ಇಂದಿನವರೆಗೆ ಕಾಗಿಣಾ ಬಯಲಿನ ಜನರು ಹೆಚ್ಚಾಗಿ ತೆತ್ತಿರುವುದು ಕಣ್ಣಿಗೆ ಕಾಣದ ಕರವನ್ನೇ. ಕರವನ್ನು ತೆರುವವನ ಒಪ್ಪಿಗೆಯೇ ಕರಕ್ಕೆ ಆಧಾರವೆಂಬುದು ಪ್ರಜಾಪ್ರಭುತ್ವದ ಮೂಲತತ್ತ್ವ. ೧೯೭೧ರಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರಗಳ ಮತದಾರರು ಸ್ಪಷ್ಟವಾದ ತೀರ್ಪನ್ನು ಕೊಟ್ಟರು. ಆದರೆ ಅವರನ್ನು ಕೇಳಿದ ಪ್ರಶ್ನೆಯು ಇತರರ ಕರದ ವಿಷಯವಾಗಿದ್ದಿತು. ಅವರದೇ ಕರದ ಪ್ರಶ್ನೆಯನ್ನು ಯಾವ ಪಕ್ಷವೂ ಅವರ ಮುಂದಿಡಲಿಲ್ಲವೆಂಬುದು ಸ್ಥಿತಿರಕ್ಷಕರ ಸೋಲಿಗಿಂತಲೂ ದೊಡ್ಡ ಸಂಗತಿಯಾಗಿದೆ.